ಹದಿನಾಲ್ಕು ಸೂಜಿಗಳ ದಾರಿ

ಕಳೆದ ತಿಂಗಳು ಬೆಂಗಳೂರಿನ ಮಗಳ ಮನೆಗೆ ಹೋಗಿದ್ದಾಗ ನನಗೊಂದು ಕೆಲಸ ಬಿತ್ತು. ಮೊಮ್ಮಗಳು ಸಾಕಿರುವ ಬೆಕ್ಕಿಗೆ ಲಸಿಕೆ ಹಾಕಿಸಿಕೊಂಡು ಬರಬೇಕಿತ್ತು. ಮಗಳಿಗೂ ಅಳಿಯನಿಗೂ ಅಂದು ಆಫೀಸು. ಬೆಕ್ಕನ್ನು ಪ್ಲಾಸ್ಟಿಕ್ ಬುಟ್ಟಿಯೊಳಗೆ ಕೂರಿಸಿ, ಆಟೋ ಹಿಡಿದು, ಮೊಮ್ಮಗಳೂ ನಾನೂ ಹೊರಟೆವು. ದಾರಿಯುದ್ದಕ್ಕೂ ಬೆಕ್ಕು ಕೂಗಿತು. ಅದಕ್ಕೆ ಬೆಣ್ಣೆ ಎಂದು ಹೆಸರು. ಪಶುವೈದ್ಯೆ ಚಿಕ್ಕ ವಯಸ್ಸಿನವರು. ಬೆಣ್ಣೆಯ ಕುತ್ತಿಗೆಯ ಹಿಂದಿನ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಸೂಜಿ ಚುಚ್ಚಿದರು. ಅರ್ಧ ನಿಮಿಷವೂ ಆಗಲಿಲ್ಲ. ಆಮೇಲೆ ಒಂದು ಪುಟ್ಟ ಪುಸ್ತಕದಲ್ಲಿ ಲಸಿಕೆಯ ಚೀಟಿ ಅಂಟಿಸಿ, ಮುಂದಿನ ವರ್ಷದ ತಾರೀಖು ಬರೆದು ನನ್ನ ಕೈಗಿತ್ತರು. ಅದರಲ್ಲಿ ‘ರೇಬೀಸ್’ ಎಂದಿತ್ತು.

"ಅಷ್ಟೇನಾ ಡಾಕ್ಟ್ರೇ?" ಎಂದೆ.

"ಅಷ್ಟೇ ಸರ್. ಯಾಕೆ?"

ಏನೂ ಇಲ್ಲ ಎಂದು ಹೊರಬಂದೆ. ಮೊಮ್ಮಗಳು ಆಟೋದಲ್ಲಿ, "ಅಜ್ಜ, ನೀನು ಯಾಕೆ ಹೊಟ್ಟೆ ಮುಟ್ಟಿಕೊಳ್ತಾ ಇದೀಯ?" ಎಂದು ಕೇಳಿದಾಗಲೇ ನನ್ನ ಕೈ ಹೊಕ್ಕುಳ ಬಳಿ ಇದ್ದದ್ದು ನನಗೆ ತಿಳಿದದ್ದು.

ಅದು 1974ನೇ ಇಸವಿ. ನನಗೆ ಒಂಬತ್ತು ವರ್ಷ. ನಮ್ಮದು ಮಲೆನಾಡಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಮನೆಯ ಕಾವಲಿಗೆ ಕರಿಯ ಎನ್ನುವ ನಾಯಿ ಇತ್ತು. ಅದಕ್ಕೆ ಯಾರೂ ವಿಶೇಷ ಆರೈಕೆ ಮಾಡಿದ್ದಿಲ್ಲ. ಮಧ್ಯಾಹ್ನ ಉಳಿದ ಅನ್ನಕ್ಕೆ ಮಜ್ಜಿಗೆ ಕಲಸಿ ಅಂಗಳದ ಮೂಲೆಯ ಕಲ್ಲುಮರಿಗೆಗೆ ಹಾಕುತ್ತಿದ್ದರು, ರಾತ್ರಿ ಅದು ಜಗಲಿಯ ಕೆಳಗೆ ಮಲಗುತ್ತಿತ್ತು. ನಾಯಿಗೆ ಡಾಕ್ಟರು ಎಂಬ ಮಾತನ್ನೇ ನಾವು ಕೇಳಿರಲಿಲ್ಲ. ದನಕ್ಕೆ ಕಾಯಿಲೆಯಾದರೆ ದನಿನ ಡಾಕ್ಟರು ಬರುತ್ತಿದ್ದರು. ನಾಯಿಗೆ ಕಾಯಿಲೆಯಾದರೆ ಅದು ಹುಲ್ಲು ತಿಂದು ತಾನೇ ಸರಿಮಾಡಿಕೊಳ್ಳಬೇಕಿತ್ತು.

ಆ ವರ್ಷ ಪರೀಕ್ಷೆ ಮುಗಿದ ದಿನಗಳಲ್ಲಿ ಊರಿಗೆ ಒಂದು ಹುಚ್ಚುನಾಯಿ ಬಂದಿತ್ತು. ಕೆಳಗಿನ ಕೇರಿಯಲ್ಲಿ ಎರಡು ನಾಯಿಗಳನ್ನೂ ಒಂದು ಕರುವನ್ನೂ ಕಚ್ಚಿತು. ನನ್ನದೇ ತರಗತಿಯ ಹುಡುಗನೊಬ್ಬನ ಮೀನಖಂಡಕ್ಕೂ ಬಾಯಿ ಹಾಕಿತು. ಅವನ ಅಪ್ಪ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವನು. ಆ ನಾಯಿಯನ್ನು ಗದ್ದೆಯ ಅಂಚಿನಲ್ಲಿ ಹೊಡೆದು ಕೊಂದರು. ಅದು ನಮ್ಮ ಕರಿಯನ ಮೇಲೆ ಬಿದ್ದಿತ್ತೋ ಇಲ್ಲವೋ ನೋಡಿದವರಿರಲಿಲ್ಲ.

ಅದಾಗಿ ಹನ್ನೆರಡನೇ ದಿನ ಕರಿಯ ಕುಂಟುತ್ತಾ ಬಂತು. ಪಾದದಲ್ಲಿ ಮುಳ್ಳು ಮುರಿದು ಕೂತಿತ್ತು. ಅದನ್ನು ಕೀಳಲು ಹೋದೆ. ಮುಳ್ಳು ಒಳಗೆ ಇಳಿಯಿತೇನೋ, ಕರಿಯ ಸಟ್ಟನೆ ನನ್ನ ಕೈ ಕಚ್ಚಿತು. ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲು ಇಳಿದ ಗುರುತು. ಅದು ಕಚ್ಚಿದ ಮರುಗಳಿಗೆಯೇ ನನ್ನ ಕೈ ನೆಕ್ಕಲು ಬಂತು. ನಾನು ಅಳುತ್ತಾ ಒಳಗೆ ಓಡಿದೆ.

ಅಜ್ಜಿ ಗಾಯಕ್ಕೆ ಸುಣ್ಣ ಮೆತ್ತಿದರು. ಯಾರೋ ಮೆಣಸಿನ ಪುಡಿ ತುಂಬಿ ಎಂದರು. ಇನ್ಯಾರೋ ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಬಗ್ಗಿ ನೋಡು ಎಂದರು. ನೀರಿನಲ್ಲಿ ನನ್ನ ಮುಖದ ಬದಲು ನಾಯಿಯ ಮುಖ ಕಂಡರೆ ವಿಷ ಏರಿದೆ ಎಂದು ಅರ್ಥವಂತೆ. ನನಗೆ ನನ್ನ ಮುಖವೇ ಕಂಡಿತು. ಅಷ್ಟರಲ್ಲಿ ತೋಟದ ಕಡೆಯಿಂದ ಕೋವಿಯ ಸದ್ದು ಕೇಳಿತು. ಅಪ್ಪಯ್ಯ ಪಕ್ಕದ ಮನೆಯವರಿಗೆ ಹೇಳಿ ಕರಿಯನನ್ನು ಹೊಡೆಸಿದ್ದರು.

ಮರುದಿನ ಬೆಳಗಿನ ಬಸ್ಸಿಗೆ ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಾಯ ನೋಡಿ, ಮೊದಲು ಸುಣ್ಣ ತೊಳೆಸಿ, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನಾಯಿ ಎಲ್ಲಿದೆ?"

"ಕೊಂದುಬಿಟ್ಟೆವು ಡಾಕ್ಟ್ರೇ" ಎಂದರು ಅಪ್ಪಯ್ಯ, ಸರಿಯಾದದ್ದನ್ನೇ ಮಾಡಿದ್ದೇವೆ ಎನ್ನುವ ಧ್ವನಿಯಲ್ಲಿ.

"ಕಟ್ಟಿಹಾಕಬೇಕಿತ್ತು ನೀವು. ಹತ್ತು ದಿನ ನೋಡಬೇಕಿತ್ತು. ಹತ್ತು ದಿನ ಬದುಕಿದ್ದರೆ ನಿಮ್ಮ ಮಗನಿಗೆ ಏನೂ ಆಗಲ್ಲ ಅಂತ ಗೊತ್ತಾಗ್ತಿತ್ತು, ಇಂಜೆಕ್ಷನ್ ನಡುವೆಯೇ ನಿಲ್ಲಿಸಬಹುದಿತ್ತು. ಈಗ ಹದಿನಾಲ್ಕೂ ಆಗಲೇಬೇಕು."

ಅಪ್ಪಯ್ಯ ಮಾತಾಡಲಿಲ್ಲ.

ಹೊಕ್ಕುಳದ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತು ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಅದನ್ನು ಹೇಳಿಯೇ ನಮ್ಮನ್ನು ಬೀದಿನಾಯಿಗಳಿಂದ ದೂರ ಇಡುತ್ತಿದ್ದರು. ದಿನಕ್ಕೊಂದರಂತೆ ಹದಿನಾಲ್ಕು ದಿನ. ಕಾಂಪೌಂಡರು ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ ಹಾಕುತ್ತಿದ್ದರು. ಔಷಧದ ಪ್ರಮಾಣವೇ ಹೆಚ್ಚು. ಅಷ್ಟನ್ನು ಹಿಡಿಸಿಕೊಳ್ಳುವ ಸಡಿಲ ಚರ್ಮ ಇರುವುದು ಹೊಟ್ಟೆಯ ಮೇಲೆ, ಅದಕ್ಕೇ ಅಲ್ಲಿ. ಐದನೇ ದಿನದ ಹೊತ್ತಿಗೆ ಹೊಟ್ಟೆಯೆಲ್ಲ ಗಟ್ಟಿ ಗಂಟು. ಲಂಗೋಟಿಯ ದಾರ ತಾಗಿದರೂ ನೋವು. ಆ ಔಷಧದ ಬಾಟಲಿಯನ್ನು ಕಾಂಪೌಂಡರು ಬೆಳಕಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಮಬ್ಬು ಬಿಳಿಯ ನೀರು. "ಇದು ಕೂನೂರಿನಿಂದ ಬಂದದ್ದು ಮಾರಾಯ, ಸುಮ್ಮನೆ ಅಲ್ಲ" ಎಂದು ಅವರು ನನಗೆ ಸಮಾಧಾನ ಹೇಳುತ್ತಿದ್ದರು. ಕೂನೂರು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ದೊಡ್ಡವನಾದ ಮೇಲೆ ಆ ಬಾಟಲಿ ನನ್ನ ಹೊಟ್ಟೆಯ ತನಕ ಬಂದ ದಾರಿಯನ್ನು ಹುಡುಕಿಕೊಂಡು ಹೋದೆ. ಅದು ಕೂನೂರಿನಿಂದಲೂ ಹಿಂದೆ ಹೋಗುತ್ತದೆ.

ಈ ರೋಗದ ನೆನಪು ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚು ಹಿಡಿದ ನಾಯಿ, ನರಿಗಳ ವರ್ಣನೆ ಇದೆ: ಬಾಲ ಜೋತುಬಿದ್ದು, ದವಡೆ ಇಳಿದು, ಜೊಲ್ಲು ಸುರಿಸುತ್ತಾ ಅಲೆಯುವ ಪ್ರಾಣಿ. ಕಚ್ಚಿಸಿಕೊಂಡವನಿಗೆ ನೀರು ಕಂಡರೆ ಭಯವಾಗುವುದನ್ನು ಅಲ್ಲಿ ಜಲತ್ರಾಸ ಎಂದು ಕರೆದು, ಅಂಥವನು ಉಳಿಯುವುದಿಲ್ಲ ಎಂದು ಹೇಳಿದೆ. ಕಚ್ಚಿದ ಪ್ರಾಣಿಯ ರೂಪ ನೀರಿನಲ್ಲೋ ಕನ್ನಡಿಯಲ್ಲೋ ಕಂಡರೆ ಅದೂ ಸಾವಿನ ಲಕ್ಷಣ ಎಂಬ ಮಾತು ಕೂಡ ಅಲ್ಲಿದೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಬಾವಿಕಟ್ಟೆಯಲ್ಲಿ ನನ್ನನ್ನು ಬಗ್ಗಿಸಿದವರು ಸಂಸ್ಕೃತ ಓದಿದವರಲ್ಲ. ಆದರೂ ಆ ನಂಬಿಕೆ ಎಷ್ಟೋ ಶತಮಾನ ದಾಟಿ ನಮ್ಮ ಹಳ್ಳಿಯ ಬಾವಿಯವರೆಗೆ ಬಂದಿತ್ತು. ಲಕ್ಷಣ ಗೊತ್ತಿತ್ತು, ಸಾವು ಖಂಡಿತ ಎಂಬುದೂ ಗೊತ್ತಿತ್ತು. ಸಾವನ್ನು ತಡೆಯುವ ದಾರಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ದಾರಿ ಸಿಕ್ಕಿದ್ದು 1885ರ ಜುಲೈ 6ರಂದು, ಪ್ಯಾರಿಸ್ಸಿನಲ್ಲಿ. ಅಲ್ಸೇಸ್ ಪ್ರಾಂತ್ಯದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ಎರಡು ದಿನದ ಹಿಂದೆ ನಾಯಿ ಹಲವು ಕಡೆ ಕಚ್ಚಿತ್ತು. ಅವನಿಗೂ ಒಂಬತ್ತೇ ವರ್ಷ. ತಾಯಿ ಅವನನ್ನು ಲೂಯಿ ಪಾಶ್ಚರನ ಬಳಿ ಕರೆತಂದಳು. ಪಾಶ್ಚರ್ ರಸಾಯನ ವಿಜ್ಞಾನಿ, ವೈದ್ಯನಲ್ಲ. ಸೂಜಿ ಚುಚ್ಚುವ ಅಧಿಕಾರ ಅವನಿಗಿರಲಿಲ್ಲ. ಚುಚ್ಚಿದ್ದು ಗ್ರಾಂಶೆ ಎಂಬ ವೈದ್ಯ. ರೇಬೀಸ್ ತಗುಲಿಸಿದ ಮೊಲಗಳ ಬೆನ್ನುಹುರಿಯನ್ನು ಗಾಜಿನ ಶೀಶೆಯಲ್ಲಿ ತೂಗುಹಾಕಿ ಒಣಗಿಸುತ್ತಿದ್ದರು. ಒಣಗಿದಷ್ಟೂ ಅದರ ವಿಷ ಕುಗ್ಗುತ್ತಿತ್ತು. ಸುಮಾರು ಎರಡು ವಾರ ಒಣಗಿದ್ದರಿಂದ ಆರಂಭಿಸಿ, ದಿನದಿನವೂ ಹೆಚ್ಚು ತಾಜಾ ಆದದ್ದರ ಕಡೆಗೆ ಬರುತ್ತಾ, ಹುಡುಗನಿಗೆ ಒಟ್ಟು 13 ಬಾರಿ ಕೊಟ್ಟರು. ಹುಡುಗ ಉಳಿದ. ಮುಂದೆ ಅವನು ಅದೇ ಪಾಶ್ಚರ್ ಸಂಸ್ಥೆಯಲ್ಲಿ ಕಾವಲುಗಾರನಾಗಿ ಕೆಲಸ ಮಾಡಿದ.

ಇದು ಏಕೆ ಕೆಲಸ ಮಾಡಿತು ಎಂಬುದನ್ನು ಇಲ್ಲಿ ಹೇಳಬೇಕು. ಕಚ್ಚಿದ ಜಾಗದಲ್ಲಿ ಜೊಲ್ಲಿನ ಮೂಲಕ ಒಳಹೊಕ್ಕ ವೈರಸ್ ರಕ್ತದಲ್ಲಿ ಓಡುವುದಿಲ್ಲ. ಅದು ನರದೊಳಗೆ ಸೇರಿಕೊಂಡು, ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ಮಿದುಳಿನ ಕಡೆಗೆ ತೆವಳುತ್ತದೆ. ಕಾಲಿಗೆ ಕಚ್ಚಿದರೆ ದಾರಿ ಉದ್ದ, ಮುಖಕ್ಕೆ ಕಚ್ಚಿದರೆ ಗಿಡ್ಡ. ಮಿದುಳು ಮುಟ್ಟಿದ ಮೇಲೆ ಯಾವ ಔಷಧವೂ ಇಲ್ಲ ಎಂದೇ ಹೇಳಬೇಕು. ಆದರೆ ಮುಟ್ಟುವ ಮುನ್ನ ವಾರಗಳು, ಕೆಲವೊಮ್ಮೆ ತಿಂಗಳುಗಳು ನಮಗೆ ಸಿಗುತ್ತವೆ. ಅಷ್ಟರಲ್ಲಿ ದೇಹಕ್ಕೆ ಅದನ್ನು ಎದುರಿಸುವುದನ್ನು ಕಲಿಸಿಬಿಟ್ಟರೆ ಗೆದ್ದೆವು. ಕಚ್ಚಿದ ಮೇಲೂ ಲಸಿಕೆ ಫಲಿಸುವುದು ಈ ನಿಧಾನದ ದೆಸೆಯಿಂದ.

ಹಾಗಾಗಿ ಇದರ ಇತಿಹಾಸವೆಲ್ಲ ಒಂದು ಓಟದ ಇತಿಹಾಸ. ನರದೊಳಗೆ ವೈರಸ್ ನಡೆಯುತ್ತಿರುತ್ತದೆ. ಹೊರಗೆ ಮನುಷ್ಯ ಸೂಜಿಯ ಕಡೆಗೆ ಓಡುತ್ತಿರುತ್ತಾನೆ. ಯಾರು ಮೊದಲು ಮುಟ್ಟುತ್ತಾರೆ ಎಂಬುದೇ ಪ್ರಶ್ನೆ. 1886ರಲ್ಲಿ ರಷ್ಯಾದ ಸ್ಮೊಲೆನ್ಸ್ಕ್‌ನಿಂದ ಹುಚ್ಚು ತೋಳ ಕಚ್ಚಿದ 19 ರೈತರು ಪ್ಯಾರಿಸ್ಸಿಗೆ ಹೋದರು. 16 ಮಂದಿ ಉಳಿದರು. ಆ ಕಾಲದಲ್ಲಿ ಭಾರತದಿಂದಲೂ ಕಚ್ಚಿಸಿಕೊಂಡವರು ಪ್ಯಾರಿಸ್ಸಿಗೆ ಹೋಗಬೇಕಿತ್ತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುವ ಆ ಪ್ರಯಾಣ ಬ್ರಿಟಿಷ್ ಅಧಿಕಾರಿಗಳಿಗೋ ಸೈನಿಕರಿಗೋ ಬಿಟ್ಟರೆ ಇನ್ಯಾರಿಗೆ ಸಾಧ್ಯ?

1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಭಾರತದ ಮೊದಲ ಪಾಶ್ಚರ್ ಸಂಸ್ಥೆ ಶುರುವಾಯಿತು. ಪ್ಯಾರಿಸ್ ಕಸೌಲಿಗೆ ಬಂತು. ಆದರೆ ದಕ್ಷಿಣದವರಿಗೆ ಕಸೌಲಿಯೂ ದೂರವೇ. 1902ರಲ್ಲಿ ನೀಲಗಿರಿಯಲ್ಲಿ ಲಿಲಿ ಪಾಕನಹಂ ವಾಲ್ಶ್ ಎಂಬ ತರುಣಿ ಹುಚ್ಚುನಾಯಿ ಕಚ್ಚಿ, ವೇಳೆಗೆ ಸರಿಯಾಗಿ ಚಿಕಿತ್ಸೆ ಸಿಗದೆ ತೀರಿಕೊಂಡಳು. ಆ ಸಾವಿನ ನಂತರ ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕೆಂಬ ಕೂಗು ಎದ್ದಿತು. ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಉದ್ಯಮಿ ವೈಸರಾಯ್ ಕರ್ಜನ್‌ಗೆ ಕೊಟ್ಟಿದ್ದ ದೇಣಿಗೆಯ ಒಂದು ಪಾಲು ಇದಕ್ಕೆ ಬಂತು. 1907ರ ಏಪ್ರಿಲ್‌ನಲ್ಲಿ ಕೂನೂರಿನ ಸಂಸ್ಥೆ ಬಾಗಿಲು ತೆರೆಯಿತು. ನಮ್ಮ ಕಾಂಪೌಂಡರು ಹೇಳುತ್ತಿದ್ದ ಕೂನೂರು ಅದೇ.

ಆದರೂ ರೋಗಿ ಕೂನೂರಿಗೇ ಹೋಗಬೇಕಿತ್ತು, ಯಾಕೆಂದರೆ ಪಾಶ್ಚರನ ವಿಧಾನದ ಲಸಿಕೆಯನ್ನು ಅಲ್ಲಲ್ಲೇ ತಾಜಾ ಮಾಡಿ ಕೊಡಬೇಕು. ಬಾಟಲಿಗೆ ತುಂಬಿ ಕಳಿಸುವಂತಿರಲಿಲ್ಲ. ಈ ಗಂಟು ಬಿಚ್ಚಿದವನು ಕಸೌಲಿಯ ಮೊದಲ ನಿರ್ದೇಶಕ ಡೇವಿಡ್ ಸೆಂಪಲ್. 1911ರಲ್ಲಿ ಅವನು ಪ್ರಕಟಿಸಿದ ವಿಧಾನದಲ್ಲಿ ಮಿದುಳಿನ ಅಂಗಾಂಶದಲ್ಲಿರುವ ವೈರಸ್ಸನ್ನು ಕಾರ್ಬಾಲಿಕ್ ಆಮ್ಲದಿಂದ ಕೊಂದು ಬಳಸುವುದಿತ್ತು. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಅರೆದು, ದ್ರಾವಣ ಮಾಡುತ್ತಿದ್ದರು. ವೈರಸ್ ಸತ್ತಿರುವುದರಿಂದ ತಂಪಿನಲ್ಲಿ ಇಟ್ಟು ಊರೂರಿಗೆ ಕಳಿಸಬಹುದಾಗಿತ್ತು. ರೋಗಿ ಲಸಿಕೆಯ ಬಳಿಗೆ ಹೋಗುವ ಬದಲು ಲಸಿಕೆ ರೋಗಿಯ ತಾಲ್ಲೂಕಿಗೆ ಬಂತು. ನಾನು ಬೆಳಕಿನಲ್ಲಿ ನೋಡಿದ ಮಬ್ಬು ನೀರು ಕುರಿಯ ಮಿದುಳು!

ಅದಕ್ಕೆ ತಕ್ಕ ಬೆಲೆಯೂ ಇತ್ತು. ಲಸಿಕೆಯಲ್ಲಿ ವೈರಸ್ಸಿನ ಜೊತೆಗೆ ಕುರಿಯ ನರದ ಕೊಬ್ಬಿನ ಪೊರೆಯೂ ಇರುತ್ತಿತ್ತು. ಕೆಲವರ ದೇಹ ಅದನ್ನು ವಿರೋಧಿಸುವ ಭರದಲ್ಲಿ ತನ್ನದೇ ನರಗಳ ಮೇಲೆ ತಿರುಗಿಬೀಳುತ್ತಿತ್ತು. ನಾಯಿ ಕಡಿತದಿಂದ ಬಚಾವಾದವರು ಲಸಿಕೆಯಿಂದ ಕಾಲಿನ ಸ್ವಾಧೀನ ಕಳೆದುಕೊಂಡದ್ದುಂಟು, ಸತ್ತದ್ದೂ ಉಂಟು. ಹದಿನಾಲ್ಕು ಡೋಸ್ ಬೇಕಾಗುತ್ತಿದ್ದದ್ದು ಅದರ ಶಕ್ತಿ ಕಡಿಮೆ ಇದ್ದುದರಿಂದ. ಇಷ್ಟಾದರೂ ಬೇರೆ ದೇಶಗಳು ಅದನ್ನು ಕೈಬಿಟ್ಟು ಎಷ್ಟೋ ವರ್ಷಗಳ ತನಕ ನಾವು ಅದನ್ನೇ ಬಳಸಿದೆವು, ಯಾಕೆಂದರೆ ಅದು ಅಗ್ಗ ಮತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 1960ರ ದಶಕದಿಂದಲೇ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ಮಾಡುವ ಶುದ್ಧ ಲಸಿಕೆ ಸಿದ್ಧವಾಗುತ್ತಿತ್ತು. 1975-76ರಲ್ಲಿ ಇರಾನಿನಲ್ಲಿ ಹುಚ್ಚು ತೋಳ, ನಾಯಿಗಳು ಕಚ್ಚಿದ 45 ಮಂದಿಗೆ ಅದನ್ನು ಕೊಟ್ಟಾಗ 45 ಮಂದಿಯೂ ಉಳಿದರು. ನನ್ನ ಹೊಟ್ಟೆಯ ಗಂಟು ಕರಗಿ ಆಗ ಒಂದೆರಡು ವರ್ಷ ಆಗಿತ್ತಷ್ಟೆ. ಭಾರತದಲ್ಲಿ ಕುರಿಮಿದುಳಿನ ಲಸಿಕೆಯ ತಯಾರಿಕೆ ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ ಹಾಕುವ ನಾಲ್ಕೈದು ಇಂಜೆಕ್ಷನ್ ಸಾಕು. ಹೊಟ್ಟೆಗೆ ಯಾರೂ ಹಾಕುವುದಿಲ್ಲ. ಆದರೆ ಆ ಹದಿನಾಲ್ಕರ ಹೆದರಿಕೆ ಇನ್ನೂ ಹೋಗಿಲ್ಲ. ಅದಕ್ಕೆ ಹೆದರಿ ಇವತ್ತಿಗೂ ಕಡಿತವನ್ನು ಮುಚ್ಚಿಡುವ ಮಕ್ಕಳಿದ್ದಾರೆ.

ಇಲ್ಲಿ ನನ್ನ ಸಹಪಾಠಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ.

ಹುಚ್ಚುನಾಯಿ ನೇರವಾಗಿ ಕಚ್ಚಿದ್ದು ಅವನನ್ನು. ಲಸಿಕೆ ಪುಕ್ಕಟೆಯೇ ಇತ್ತು. ಆದರೆ ಹದಿನಾಲ್ಕು ದಿನ ಬಸ್ಸಿನ ದುಡ್ಡು, ಹದಿನಾಲ್ಕು ದಿನ ಅಪ್ಪನ ಕೂಲಿ. ಘಟ್ಟದ ಕೆಳಗಿನ ಒಬ್ಬರು ನಾಟಿ ಔಷಧ ಕೊಡುತ್ತಾರೆ, ಒಂದೇ ಸಲ ಸಾಕು, ಮೂರು ವಾರ ಪಥ್ಯ ಮಾಡಿದರೆ ಆಯಿತು ಎಂದು ಯಾರೋ ಹೇಳಿದರು. ಅವರು ಹಾಗೇ ಮಾಡಿದರು. ನಾನು ಬಸ್ಸಿಗೆ ಹೋಗುವ ಬೆಳಿಗ್ಗೆಗಳಲ್ಲಿ ಅವನು ದಣಪೆಯ ಹತ್ತಿರ ನಿಂತು ನನ್ನನ್ನು ನೋಡಿ ನಗುತ್ತಿದ್ದ. ತನಗೆ ಸೂಜಿ ತಪ್ಪಿತು ಎಂಬ ನಗು. ನನಗೆ ಅವನ ಮೇಲೆ ಹೊಟ್ಟೆಕಿಚ್ಚು.

ಶಾಲೆ ಶುರುವಾಗಿ ಮಳೆ ಹಿಡಿದುಕೊಂಡ ಮೇಲೆ ಒಂದು ದಿನ ಅವನು ಬರಲಿಲ್ಲ. ಗಂಟಲು ಹಿಡಿದಿದೆ, ನೀರು ನುಂಗಲು ಆಗುತ್ತಿಲ್ಲ ಎಂದರು. ಮಾರನೇ ದಿನ ಗಾಳಿ ಬೀಸಿದರೂ ಬೆಚ್ಚುತ್ತಿದ್ದಾನೆ ಎಂದರು. ಹೊರಗೆ ಹಗಲೂ ರಾತ್ರಿ ಮಳೆ ಹುಯ್ಯುತ್ತಿತ್ತು. ಆ ಸದ್ದು ಅವನಿಗೆ ಕೇಳದಂತೆ ಕಿಟಕಿಗೆ ಗೋಣಿ ಕಟ್ಟಿದ್ದರಂತೆ. ನಾಲ್ಕನೇ ದಿನ ಹೋದ. ನಮ್ಮನ್ನು ಯಾರನ್ನೂ ನೋಡಲು ಬಿಡಲಿಲ್ಲ. ಅವನ ಅಪ್ಪ ಆಮೇಲೆಯೂ ನಮ್ಮ ತೋಟಕ್ಕೆ ಬರುತ್ತಿದ್ದ. ನನ್ನನ್ನು ಕಂಡಾಗ ಮಾತಾಡಿಸುತ್ತಿದ್ದ. ನಾನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಅಪ್ಪಯ್ಯ ದಿನವೂ ನನ್ನ ಜೊತೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಬಹುದಿತ್ತಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಾಗ ಕೇಳಲು ಅಪ್ಪಯ್ಯ ಇರಲಿಲ್ಲ.

ಕಸೌಲಿಯಿಂದ ಕೂನೂರಿಗೆ, ಕೂನೂರಿನಿಂದ ತಾಲ್ಲೂಕಿಗೆ ದೂರ ಕಡಿಮೆಯಾಗುತ್ತಲೇ ಬಂದಿತ್ತು. ಉಳಿದದ್ದು ಹತ್ತು ಮೈಲಿ, ಹದಿನಾಲ್ಕು ಬೆಳಗು. ಅಷ್ಟು ಅವನಿಗೆ ದಾಟಲಾಗಲಿಲ್ಲ.

ಇನ್ನು ಕರಿಯನ ವಿಷಯ. ಡಾಕ್ಟರು ಹೇಳಿದ ಹತ್ತು ದಿನದ ಲೆಕ್ಕದ ಅರ್ಥ ನನಗೆ ಆಮೇಲೆ ತಿಳಿಯಿತು. ವೈರಸ್ ನಾಯಿಯ ಮಿದುಳನ್ನು ಮುಟ್ಟಿದ ಮೇಲೆಯೇ ಜೊಲ್ಲಿಗೆ ಇಳಿಯುತ್ತದೆ. ಜೊಲ್ಲಿನಲ್ಲಿ ಅದು ಇದ್ದರೆ ಇನ್ನು ಕೆಲವೇ ದಿನದಲ್ಲಿ ನಾಯಿಗೆ ರೋಗದ ಲಕ್ಷಣ ಕಾಣಿಸಿ ಅದು ಸಾಯುತ್ತದೆ. ಆದ್ದರಿಂದ ಕಚ್ಚಿದ ನಾಯಿಯೋ ಬೆಕ್ಕೋ ಹತ್ತು ದಿನ ಆರೋಗ್ಯವಾಗಿ ಇದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದೇ ಅರ್ಥ. ಅಂದರೆ ಕಚ್ಚಿದ ಪ್ರಾಣಿಯೇ ಸಾಕ್ಷಿ. ನಾವು ಮಾಡಿದ್ದು ಸಾಕ್ಷಿಯನ್ನು ಕೊಂದದ್ದು. ಇನ್ನೊಂದು ಲೆಕ್ಕವೂ ಇದೆ. ಕಚ್ಚಿಸಿಕೊಂಡ ನಾಯಿಯಲ್ಲಿ ರೋಗ ಹೊರಬರಲು ಸಾಮಾನ್ಯವಾಗಿ ಮೂರರಿಂದ ಎಂಟು ವಾರ ಬೇಕು. ಹುಚ್ಚುನಾಯಿ ಬಂದುಹೋದದ್ದಕ್ಕೂ ಕರಿಯ ನನ್ನನ್ನು ಕಚ್ಚಿದ್ದಕ್ಕೂ ನಡುವೆ ಇದ್ದದ್ದು ಹನ್ನೆರಡು ದಿನ. ಕರಿಯನಿಗೆ ಹುಚ್ಚು ಇರಲಿಲ್ಲ ಎಂದೇ ನನಗನ್ನಿಸುತ್ತದೆ. ಅದಕ್ಕೆ ಇದ್ದದ್ದು ಮುಳ್ಳಿನ ನೋವು. ಆದರೆ ಅಪ್ಪಯ್ಯನನ್ನೂ ನಾನು ದೂರಲಾರೆ. ಆ ಹೊತ್ತಿಗೆ ಅವರಿಗೆ ಕಂಡದ್ದು ಮಗ ಮಾತ್ರ.

ಕೊಲ್ಲುವುದು ನಮಗೆ ಮೊದಲು ಹೊಳೆಯುವ ಉಪಾಯ. ನಗರಗಳೂ ಅದನ್ನೇ ಮಾಡಿದವು. 1832ರಲ್ಲಿ ಬೊಂಬಾಯಿಯ ಸರ್ಕಾರ ಬೀದಿನಾಯಿ ಕೊಂದವರಿಗೆ ತಲೆಗಿಷ್ಟು ಎಂದು ಹಣ ಕೊಡುವ ಪದ್ಧತಿ ನಡೆಸಿತು. ದುಡ್ಡಿನ ಆಸೆಗೆ ಹಿಡಿಯುವವರು ಮನೆಯ ನಾಯಿಗಳನ್ನೂ ಎಳೆದೊಯ್ದರು. ನಾಯಿಯನ್ನು ಪವಿತ್ರವೆಂದು ಎಣಿಸುವ ಪಾರಸಿಗಳು ಜೂನ್ ತಿಂಗಳಲ್ಲಿ ದಂಗೆ ಎದ್ದರು; ಅಂಗಡಿ ಮುಂಗಟ್ಟು ಮುಚ್ಚಿ ಕೋಟೆ ಪ್ರದೇಶವೆಲ್ಲ ಸ್ತಬ್ಧವಾಯಿತು. ಆಮೇಲೆಯೂ ಒಂದೂವರೆ ಶತಮಾನ ನಮ್ಮ ನಗರಗಳು ನಾಯಿ ಕೊಲ್ಲುತ್ತಲೇ ಇದ್ದವು. ನಾಯಿಯೂ ಕಡಿಮೆಯಾಗಲಿಲ್ಲ, ರೋಗವೂ ಕಡಿಮೆಯಾಗಲಿಲ್ಲ. ಒಂದು ಬೀದಿಯ ನಾಯಿಗಳನ್ನು ಕೊಂದರೆ ಪಕ್ಕದ ಬೀದಿಯವು ಬಂದು ಸೇರುತ್ತವೆ, ಎಸೆದ ಅನ್ನ ಅಲ್ಲೇ ಇರುತ್ತದಲ್ಲ. ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಲ್ಲೇ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಅದೇ ಬೀದಿಗೆ ಬಿಡುವ ದಾರಿ ಹೇಳಿತು. ಅದು ದೇಶದ ನಿಯಮವಾದದ್ದು 2001ರಲ್ಲಿ.

ನಾಯಿಗೇ ಲಸಿಕೆ ಹಾಕಿದರೆ ಹೇಗೆ ಎಂಬ ಯೋಚನೆ ಹೊಸದಲ್ಲ. ಪಾಶ್ಚರ್ ಮೊದಲು ಪರೀಕ್ಷಿಸಿದ್ದೇ ನಾಯಿಗಳ ಮೇಲೆ. 1920ರ ದಶಕದ ಆರಂಭದಲ್ಲಿ ಜಪಾನಿನ ಉಮೆನೊ ಮತ್ತು ಡೊಯಿ ಒಂದೇ ಬಾರಿ ಚುಚ್ಚುವ ನಾಯಿ ಲಸಿಕೆ ತಯಾರಿಸಿದರು. 1950ರಲ್ಲಿ ಆ ದೇಶ ನಾಯಿಗಳ ನೋಂದಣಿ ಮತ್ತು ಲಸಿಕೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿತು. ಏಳೇ ವರ್ಷದಲ್ಲಿ ರೋಗ ಹೋಯಿತು. 1957ರಲ್ಲಿ ಅಲ್ಲಿ ಕೊನೆಯದಾಗಿ ರೇಬೀಸ್ ಕಂಡುಬಂದದ್ದು ಒಂದು ಬೆಕ್ಕಿನಲ್ಲಿ. ನಮ್ಮ ಹತ್ತಿರದಲ್ಲೇ, ಕಾರವಾರದ ಆಚೆಯ ಗೋವಾದಲ್ಲಿ, ಕಳೆದ ದಶಕದಲ್ಲಿ ಬಲೆ ಹಿಡಿದು ಊರೂರು ತಿರುಗಿ ಬೀದಿನಾಯಿಗಳಿಗೆ ಲಸಿಕೆ ಹಾಕಿದರು. 2018ರಿಂದ ಮೂರು ವರ್ಷ ಅಲ್ಲಿ ಈ ರೋಗದಿಂದ ಒಬ್ಬ ಮನುಷ್ಯನೂ ಸತ್ತ ವರದಿ ಇಲ್ಲ. 2021ರಲ್ಲಿ ಅದನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಆಗಿದ್ದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದೇ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆ. ಮೂರರಲ್ಲಿ ಒಂದು ಪಾಲು ಭಾರತದ್ದು. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳೂ ಬಡವರೂ ಬಹಳ.

ದೂರ ಕಡಿಮೆಯಾಗುತ್ತಾ ಬಂದ ಈ ದಾರಿಯ ಕೊನೆಯ ಹೆಜ್ಜೆ ಅದು. ಕಚ್ಚಿದ ಮೇಲೆ ಮನುಷ್ಯ ಸೂಜಿಯ ಕಡೆ ಓಡುವುದಲ್ಲ. ಕಚ್ಚುವ ಮೊದಲೇ ಸೂಜಿ ನಾಯಿಯ ಬಳಿಗೆ ಹೋಗುವುದು. ಆ ಹುಚ್ಚುನಾಯಿ ಬರುವ ಮುನ್ನ ನಮ್ಮೂರಿನ ನಾಯಿಗಳಿಗೆಲ್ಲ ಒಂದೊಂದು ಸೂಜಿ ಆಗಿದ್ದರೆ ನನ್ನ ಹದಿನಾಲ್ಕೂ ಬೇಕಿರಲಿಲ್ಲ, ಕೋವಿಯೂ ಬೇಕಿರಲಿಲ್ಲ. ಆ ನಾಯಿಗೂ ಎಲ್ಲೋ ಒಂದು ಊರಿತ್ತು, ಅಲ್ಲಿ ಯಾರೋ ಅದಕ್ಕೆ ಅನ್ನ ಹಾಕಿದ್ದರು. ಅದಕ್ಕೂ ಒಂದು ಸೂಜಿ ಆಗಿದ್ದರೆ ನನ್ನ ಗೆಳೆಯನಿಗೆ ಈಗ ಅರವತ್ತು ದಾಟಿರುತ್ತಿತ್ತು.

ನಾಯಿಯನ್ನು ಬರೀ ಕಾವಲಿನ ಪ್ರಾಣಿ ಎಂದುಕೊಂಡವರಲ್ಲ ನಾವು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲನ್ನು ನಾನು ಹಿಂದೊಮ್ಮೆ ನೋಡಿದ್ದೆ. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಆತಕೂರಿನಲ್ಲಿ ನಿಂತಿದ್ದ ಕಲ್ಲು ಅದು, ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ ಏನು ಬೇಕು ಎಂದು ಕೇಳಿದಾಗ, ಅವನು ಅರಸನ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಸೆಣಸಿತು, ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕಚ್ಚಾಡುತ್ತಿವೆ. ಅದರ ಮುಂದೆ ನಿಂತಾಗ ನನಗೆ ನಮ್ಮ ತೋಟದ ಹಲಸಿನ ಮರದ ಬುಡ ನೆನಪಾಗಿತ್ತು. ಕರಿಯನನ್ನು ಹೂತದ್ದು ಅಲ್ಲಿ. ಅಪ್ಪಯ್ಯ ಅಲ್ಲಿ ಒಂದು ಚಪ್ಪಡಿ ಕಲ್ಲು ಹಾಸಿಸಿದ್ದರು. ಕಾಡುಪ್ರಾಣಿ ಕೆದಕಬಾರದು ಎಂದು ಎಂದರು. ಅಷ್ಟೇ ಕಾರಣವೋ ಏನೋ.

ಬೆಂಗಳೂರಿನಿಂದ ಊರಿಗೆ ಬಂದ ಮೇಲೆ ಒಂದು ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ಈಗ ಒಂದು ನಾಯಿ, ಎರಡು ಬೆಕ್ಕು. ಬೆಕ್ಕುಗಳಿಗೆ ಲಸಿಕೆ ಎಂಬುದನ್ನೇ ನಾನು ಯೋಚಿಸಿರಲಿಲ್ಲ. ಪಶು ಆಸ್ಪತ್ರೆಯಲ್ಲಿ ಕೇಳಿದೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ಮತ್ತೊಂದು, ನಂತರ ವರ್ಷವರ್ಷವೂ ತಪ್ಪದೆ ಎಂದರು. ಕಚ್ಚಿದರೂ, ಪರಚಿದರೂ ಮೊದಲು ಮಾಡಬೇಕಾದ್ದು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯುವುದು. ಸುಣ್ಣ, ಅರಿಶಿನ, ಮೆಣಸಿನ ಪುಡಿ ಏನೂ ಹಾಕಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಲಸಿಕೆಯನ್ನು ಆರಂಭಿಸಿಯೇ ನಾಯಿಯನ್ನು ಹತ್ತು ದಿನ ನೋಡಬೇಕು, ನೋಡಿಕೊಂಡು ಆಮೇಲೆ ಆರಂಭಿಸೋಣ ಎಂದು ಕೂರಬಾರದು. ಇದನ್ನೆಲ್ಲ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ನಮ್ಮೂರ ಶಾಲೆಯ ಗೋಡೆಗೆ ಅಂಟಿಸಿ ಬಂದೆ. ಅದೇ ಶಾಲೆ. ಈಗ ಅಲ್ಲಿ ಹನ್ನೊಂದು ಮಕ್ಕಳಿದ್ದಾರೆ.

ಆ ದಿನ ಮೂರೂ ಪ್ರಾಣಿಗಳಿಗೆ ಲಸಿಕೆ ಹಾಕಿಸಲು ಹೊರಟಾಗ ಕೆಳಗಿನ ಕೇರಿಯ ಮುಂದೆ ಗಾಡಿ ನಿಲ್ಲಿಸಿದೆ. ಅಲ್ಲಿನ ಅಂಗಳದಲ್ಲಿ ಎರಡು ನಾಯಿ ಮಲಗಿದ್ದವು. ನನ್ನ ಗೆಳೆಯನ ತಮ್ಮನ ಮನೆ ಅದು. ಅವನು ಹೊರಬಂದು, "ಏನು ಅಯ್ಯ, ಗಾಡಿ ತುಂಬ ಬೆಕ್ಕು?" ಎಂದ.

"ಸೂಜಿ ಹಾಕಿಸಲಿಕ್ಕೆ. ನಿನ್ನ ನಾಯಿಗಳನ್ನೂ ಹತ್ತಿಸು. ಜಾಗ ಇದೆ" ಎಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಹಗ್ಗ ತರಲು ಒಳಗೆ ಹೋದ.